ಕಾಗದದಲ್ಲಿ ಮನೆಗೆಲಸದವರು, ಸ್ಟೇಜ್ ಮೇಲೆ ಜಾನ್ ಕಾನಿ

(ನಮ್ಮ ಫಿಲಂ ಕ್ಲಬ್ಬಿನಲ್ಲಿ ಮಾತಾಡಿದ್ದು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದ್ರು, ಮಾತಾಡಿದ ಹಾಗೇ ಬರೆದಿದೀನಿ, ಎರಡು ಸಲ ಹೇಳಿದ್ದನ್ನ ಮಾತ್ರ ತೆಗೆದಿದೀನಿ.)

ಎಲ್ಲರಿಗೂ ನಮಸ್ಕಾರ. ಇವತ್ತು ದಕ್ಷಿಣ ಆಫ್ರಿಕಾದ ನಟ, ನಾಟಕಕಾರ ಜಾನ್ ಕಾನಿ ಬಗ್ಗೆ ಮಾತಾಡ್ತೀನಿ. ಹೆಸರು ಹೇಳಿದ್ರೆ ಸುಮಾರು ಜನಕ್ಕೆ ಗೊತ್ತಾಗಲ್ಲ, ಮುಖ ತೋರಿಸಿದ್ರೆ ಓ ಇವರಾ ಅಂತೀರಿ. ಮಾರ್ವೆಲ್ ಸಿನಿಮಾಗಳ ಸೂಪರ್‌ಹೀರೋ ಬ್ಲ್ಯಾಕ್ ಪ್ಯಾಂಥರ್‌ನ ಅಪ್ಪ, ವಕಾಂಡದ ಹಳೇ ರಾಜ ಟಿಚಾಕಾ. 2019ರ ಲಯನ್ ಕಿಂಗ್‌ನಲ್ಲಿ ಕೋಲು ಹಿಡ್ಕೊಂಡು ಬರೋ ರಫೀಕಿಗೆ ದನಿ ಕೊಟ್ಟಿದ್ದೂ ಇವರೇ. ಅದೇ ವರ್ಷ ಬಂದ ಮರ್ಡರ್ ಮಿಸ್ಟರಿ ಅನ್ನೋ ಕಾಮಿಡಿ ನೋಡಿದ್ರೆ ಅದರಲ್ಲಿ ಒಂದು ಕಣ್ಣಿಗೆ ಕಪ್ಪು ಪಟ್ಟಿ ಹಾಕ್ಕೊಂಡಿರೋ ಕರ್ನಲ್ ಉಲೆಂಗಾ ಅಂತ ಬರ್ತಾರಲ್ಲ, ಅವರೂ ಇವರೇ. ಆ ಕಣ್ಣಿನ ವಿಷಯಕ್ಕೆ ಆಮೇಲೆ ಬರ್ತೀನಿ, ನಿಜ ಜೀವನದಲ್ಲಿ ಅದು ಕಾಮಿಡಿ ಅಲ್ಲ.

ಸಿನಿಮಾದಲ್ಲಿ ಇವರಿಗೆ ಸಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಸಣ್ಣ ಪಾತ್ರಗಳೇ. ರಾಜ, ಅಪ್ಪ, ಹೆಡ್‌ಮಾಸ್ಟರು, ಸಾರ್ಜೆಂಟು, ಜನರಲ್ಲು. ಬರ್ತಾರೆ, ಗಂಭೀರವಾಗಿ ನಾಲ್ಕು ಮಾತಾಡ್ತಾರೆ, ಹೋಗ್ತಾರೆ, ಇಲ್ಲಾ ಸಾಯ್ತಾರೆ. ಆದ್ರೂ ನೆನಪಲ್ಲಿ ಉಳೀತಾರೆ, ಯಾಕೆ? ನನಗೆ ಅನ್ಸೋದು ಇಷ್ಟು, ಈ ಮನುಷ್ಯ ಯಾವತ್ತೂ ಯಾರೋ ಬರೆದುಕೊಟ್ಟ ಡೈಲಾಗ್ ಒಪ್ಪಿಸಿ ಚೆಕ್ ಇಸ್ಕೊಂಡು ಮನೆಗೆ ಹೋಗೋ ನಟ ಆಗಿರಲೇ ಇಲ್ಲ, ಮೊದಲಿಂದಲೂ ತನ್ನ ಮಾತನ್ನ ತಾನೇ ಕಟ್ಟಿ ಆಡಿದವರು, ಆ ಅಭ್ಯಾಸ ಹಾಲಿವುಡ್ಡಿಗೆ ಹೋದ ಮೇಲೂ ಬಿಡಲಿಲ್ಲ.

ಹುಟ್ಟಿದ್ದು 1940ರ ದಶಕದ ಶುರುವಿನಲ್ಲಿ, ಪೋರ್ಟ್ ಎಲಿಜಬೆತ್ ಪಕ್ಕದ ನ್ಯೂ ಬ್ರೈಟನ್ ಅನ್ನೋ ಟೌನ್‌ಶಿಪ್‌ನಲ್ಲಿ. ಆ ಊರಿಗೆ 2021ರಲ್ಲಿ ಖೋಸಾ ಅನ್ನೋ ಅಲ್ಲಿನ ಕಪ್ಪು ಜನರ ಭಾಷೆಯ ಹೆಸರು ಇಟ್ರು, ಅದನ್ನ ಹೇಳ್ಬೇಕಾದ್ರೆ ನಾಲಿಗೇನ ಅಂಗುಳಿಗೆ ಒತ್ತಿ ಟಕ್ ಅನ್ನಿಸಿ ಬಿಡಬೇಕು, ನನ್ನ ಕೈಲಿ ಆಗಲ್ಲ, ಅದಕ್ಕೆ ಹಳೇ ಹೆಸರೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಟೌನ್‌ಶಿಪ್ ಅಂದ್ರೆ ನಮ್ಮಲ್ಲಿ ಬಿಲ್ಡರ್‌ಗಳು ಜಾಹೀರಾತು ಕೊಡೋ ಟೌನ್‌ಶಿಪ್ ಅಲ್ಲ. ಬಿಳಿಯರ ಊರಿಗೆ ಕೂಲಿ ಬೇಕು, ಆದ್ರೆ ಕೂಲಿಯವರು ಊರೊಳಗೆ ಇರಬಾರದು, ಅದಕ್ಕೆ ಊರಾಚೆ ಸಾಲು ಸಾಲು ಚಿಕ್ಕ ಮನೆ ಕಟ್ಟಿ ಕಪ್ಪು ಜನರನ್ನ ಇಟ್ಟಿದ್ದು. ಊರಾಚೆಯ ಕೇರಿ ಅಂದ್ರೆ ಏನು ಅಂತ ನಮಗೇನೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

1948ರಲ್ಲಿ ಬಿಳಿಯರ ನ್ಯಾಷನಲ್ ಪಾರ್ಟಿ ಸರ್ಕಾರ ಬಂತು, ವರ್ಣಭೇದ ಅನ್ನೋದು ಕಾನೂನಾಯ್ತು. 1953ರಲ್ಲಿ ಬಂಟು ಎಜುಕೇಶನ್ ಆಕ್ಟ್ ಬಂತು, ಕಪ್ಪು ಮಕ್ಕಳಿಗೆ ಕೂಲಿ ಮಾಡೋಕೆ ಎಷ್ಟು ಬೇಕೋ ಅಷ್ಟೇ ಓದು ಸಾಕು ಅನ್ನೋ ಲೆಕ್ಕ. ಕಾನಿ ಓದಿದ್ದು ಅಂಥ ಸ್ಕೂಲಲ್ಲೇ. ಅಲ್ಲಿ ಅವರಿಗೆ ಶೇಕ್ಸ್‌ಪಿಯರ್ ಮೊದಲು ಸಿಕ್ಕಿದ್ದು ಇಂಗ್ಲಿಷಲ್ಲಲ್ಲ, ಖೋಸಾದಲ್ಲಿ, ಬಿ.ಬಿ. ಮ್ಡ್ಲೆಡ್ಲೆ ಅನ್ನೋರು ಮಾಡಿದ್ದ ಜೂಲಿಯಸ್ ಸೀಸರ್ ಅನುವಾದ. ಆಮೇಲೆ ಇಂಗ್ಲಿಷ್ ಸೀಸರ್ ಓದಿದಾಗ ಖೋಸಾದಲ್ಲೇ ಇನ್ನೂ ಚೆನ್ನಾಗಿತ್ತಲ್ಲ ಅನ್ನಿಸ್ತು ಅಂತ ಎಷ್ಟೋ ಕಡೆ ಹೇಳ್ಕೊಂಡು ನಕ್ಕಿದಾರೆ.

ನಾಟಕಕ್ಕೆ ಬಂದ ಕಥೆ ಸ್ವಲ್ಪ ವಿಚಿತ್ರ. 1963ರಲ್ಲಿ ನ್ಯೂ ಬ್ರೈಟನ್ನಿನ ಕೆಲವು ಜನ, ಮೇಷ್ಟ್ರು, ಗುಮಾಸ್ತರು, ಮನೆಗೆಲಸದವರು, ಎಲ್ಲ ಸೇರಿ ಅಥೋಲ್ ಫುಗಾರ್ಡ್ ಅನ್ನೋ ಬಿಳಿ ನಾಟಕಕಾರನ ಮನೆ ಬಾಗಿಲು ತಟ್ಟಿ ನಮಗೆ ನಾಟಕ ಮಾಡಿಸಿ ಅಂತ ಕೇಳಿದ್ರು. ಜಾಗ ಎಲ್ಲಿ? ಊರಿನ ಮ್ಯೂಸಿಯಂನಲ್ಲಿ ಮೊದಲು ಹಾವು ಇಡ್ತಿದ್ದ, ಈಗ ಖಾಲಿ ಬಿದ್ದಿದ್ದ ಒಂದು ಹಳ್ಳ. ಅದರಲ್ಲೇ ಶುರು ಮಾಡಿದ್ರು, ತಂಡಕ್ಕೆ ಸರ್ಪೆಂಟ್ ಪ್ಲೇಯರ್ಸ್ ಅಂತ ಹೆಸರಿಟ್ರು. ಸೆಕ್ಯುರಿಟಿ ಪೊಲೀಸರು ರಿಹರ್ಸಲ್ಲಿಗೇ ಬರೋರು, ಒಬ್ಬೊಬ್ಬರನ್ನೇ ಎತ್ತಾಕ್ಕೊಂಡು ಹೋಗೋರು. 1965ರಲ್ಲಿ ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ ಆಂಟಿಗನಿ, ಅಂದ್ರೆ ರಾಜನ ಆಜ್ಞೆಗೆ ಎದುರು ನಿಲ್ಲೋ ಹುಡುಗಿಯ ಕಥೆ, ಅದನ್ನ ಮಾಡೋವಾಗ ಒಬ್ಬ ನಟ ಅರೆಸ್ಟ್ ಆದ, ಆ ಜಾಗಕ್ಕೆ ಬಂದವರು ಕಾನಿ. ಅಂದ್ರೆ ಇವರ ಮೊದಲ ಪಾತ್ರವೇ ಜೈಲಿಗೆ ಹೋದವನೊಬ್ಬನ ಖಾಲಿ ಜಾಗ. ಆಮೇಲೆ ತನ್ನ ಸ್ಕೂಲ್ ದಿನದ ಗೆಳೆಯ ವಿನ್ಸ್ಟನ್ ನ್ಟ್ಶೋನಾನನ್ನೂ ಕರ್ಕೊಂಡು ಬಂದ್ರು. ಹಗಲು ಕೆಲಸ, ರಾತ್ರಿ ನಾಟಕ. ಕಾನಿ ಫೋರ್ಡ್ ಕಾರು ಫ್ಯಾಕ್ಟರಿಯಲ್ಲಿ ಇದ್ರು.

ಈ ಫೋರ್ಡ್ ವಿಷಯ ನೆನಪಿಟ್ಕೊಳ್ಳಿ.

1972ರಲ್ಲಿ ಕಾನಿ, ನ್ಟ್ಶೋನಾ ಇಬ್ಬರೂ ಕೆಲಸ ಬಿಟ್ಟು ಪೂರ್ತಿ ನಾಟಕವನ್ನೇ ನಂಬಿ ಬದುಕೋಣ ಅಂತ ತೀರ್ಮಾನ ಮಾಡಿದ್ರು. ಇಲ್ಲಿ ಒಂದು ತಾಪತ್ರಯ ಇತ್ತು. ಹದಿನಾರು ದಾಟಿದ ಪ್ರತಿ ಕಪ್ಪು ಮನುಷ್ಯನೂ ಒಂದು ಪಾಸ್‌ಬುಕ್ ಇಟ್ಕೊಂಡೇ ಓಡಾಡಬೇಕು, 1952ರ ಕಾನೂನು ಅದು, ತೆಗೆದಿದ್ದು 1986ರಲ್ಲಿ. ಅದರಲ್ಲಿ ಫೋಟೋ, ನಂಬರ್, ಯಾವ ಊರಲ್ಲಿ ಇರಬಹುದು, ಯಾರ ಹತ್ತಿರ ಕೆಲಸಕ್ಕಿದಾನೆ, ಎಲ್ಲ ಇರಬೇಕು, ಮಾಲೀಕನ ಸಹಿ ಬೀಳ್ತಾ ಇರಬೇಕು. ಸಹಿ ಇಲ್ಲ ಅಂದ್ರೆ ಊರಿಂದ ಆಚೆ. ಈಗ ಇವರಿಬ್ಬರ ಕಸುಬು ಏನು ಅಂತ ಬರೆಯೋದು? ಕಪ್ಪು ಮನುಷ್ಯ ನಟ ಅನ್ನೋ ಕಸುಬೇ ಆ ಆಫೀಸಿನ ಪಟ್ಟಿಯಲ್ಲಿ ಇಲ್ಲ. ಕೊನೆಗೆ ಇಬ್ಬರೂ ಫುಗಾರ್ಡ್ ಮನೆ ಕೆಲಸದವರು ಅಂತ ಬರೆಸಿದ್ರು. ನಾಟಕ ಲಂಡನ್ನಿನಲ್ಲಿ ಹೆಸರು ಮಾಡ್ತಿದೆ, ಊರಲ್ಲಿ ದಾಖಲೆ ಪ್ರಕಾರ ಇವರು ಮನೆಗೆಲಸದವರು. ಇದನ್ನ ಯಾರಾದ್ರೂ ನಾಟಕದಲ್ಲಿ ಬರೆದಿದ್ರೆ ಸ್ವಲ್ಪ ಅತಿಯಾಯ್ತು ಅಂತಿದ್ವಿ.

ಇದೇ ಪಾಸ್‌ಬುಕ್ ಮೇಲೆ ಮೂರೂ ಜನ ಸೇರಿ ನಾಟಕ ಕಟ್ಟಿದ್ರು, ಸಿಜ್ವೆ ಬಾನ್ಜಿ ಈಸ್ ಡೆಡ್. ಫೋಟೋ ಸ್ಟುಡಿಯೋ ಒಂದರಲ್ಲಿ ತೆಗೆಸಿದ ಒಬ್ಬನ ಫೋಟೋ ಅವರ ಕೈಗೆ ಸಿಕ್ಕಿತ್ತಂತೆ, ಒಂದು ಕೈಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಪೈಪು, ಮುಖದ ತುಂಬ ನಗು. ಈ ಮನುಷ್ಯ ಯಾಕೆ ಹಿಂಗೆ ನಗ್ತಿದಾನೆ ಅಂತ ಕೇಳ್ಕೊಂಡು ಶುರು ಮಾಡಿದ್ರು. ಬರೆದ ಸ್ಕ್ರಿಪ್ಟ್ ಇಲ್ಲ, ಆಡ್ತಾ ಆಡ್ತಾ ಕಟ್ಟಿದ್ದು, ಬಹಳ ದಿನ ಕಾಗದದ ಮೇಲೇ ಇಳಿಸಲಿಲ್ಲ, ಯಾಕಂದ್ರೆ ಕಾಗದ ಇದ್ರೆ ತಾನೇ ಬ್ಯಾನ್ ಮಾಡೋದು. ಮೊದಲ ಪ್ರದರ್ಶನ 1972ರ ಅಕ್ಟೋಬರ್ ತಿಂಗಳು, ಕೇಪ್‌ಟೌನಿನ ಸ್ಪೇಸ್ ಥಿಯೇಟರಲ್ಲಿ.

ಶುರುವಿನಲ್ಲಿ ಕಾನಿ ಒಬ್ಬರೇ ಪೇಪರ್ ಓದ್ತಾ ಕೂತಿರ್ತಾರೆ, ಸ್ಟೈಲ್ಸ್ ಅನ್ನೋ ಫೋಟೋಗ್ರಾಫರ್ ಪಾತ್ರ, ಹಿಂದೆ ಫೋರ್ಡ್ ಫ್ಯಾಕ್ಟರಿಯಲ್ಲಿದ್ದವನು. ಒಂದು ದಿನ ಫ್ಯಾಕ್ಟರಿಯಲ್ಲಿ ಗಡಿಬಿಡಿ, ಅಮೆರಿಕದಿಂದ ಸಾಕ್ಷಾತ್ ಹೆನ್ರಿ ಫೋರ್ಡ್ ಮೊಮ್ಮಗನೇ ನೋಡೋಕೆ ಬರ್ತಿದಾನೆ. ನೆಲ ಉಜ್ಜಿಸ್ತಾರೆ, ಗೆರೆ ಹೊಡೆಸ್ತಾರೆ, ಹೊಸ ಬಟ್ಟೆ ಕೊಡ್ತಾರೆ (ಮಿನಿಸ್ಟರ್ ಬರ್ತಾರೆ ಅಂದಾಗ ನಮ್ಮಲ್ಲಿ ರಾತ್ರೋರಾತ್ರಿ ರಸ್ತೆಗೆ ಡಾಂಬರು ಬೀಳಲ್ವಾ, ಥೇಟ್ ಹಾಗೆ). ಬಿಳಿ ಫೋರ್‌ಮನ್ ಇವನನ್ನ ಕರೆದು ನಾನು ಹೇಳೋದನ್ನ ಇವರ ಭಾಷೇಲಿ ಹೇಳು ಅಂತಾನೆ. ಅವನು ಇಂಗ್ಲಿಷಲ್ಲಿ ಇವತ್ತು ಬಹಳ ಮುಖ್ಯವಾದ ದಿನ ಅಂದ್ರೆ ಇವನು ಖೋಸಾದಲ್ಲಿ ಬೇರೇನೇ ಹೇಳ್ತಾನೆ, ಕೆಲಸಗಾರರು ಅದಕ್ಕೆ ಬೈಗುಳ ಸೇರಿಸಿ ಉತ್ತರ ಕೊಡ್ತಾರೆ, ಅದನ್ನ ಇವನು ಫೋರ್‌ಮನ್ನಿಗೆ ಬಹಳ ಸಂತೋಷ ಅಂತಿದಾರೆ ಸಾರ್ ಅಂತ ಅನುವಾದ ಮಾಡ್ತಾನೆ. ಕೊನೆಗೆ ಆ ದೊಡ್ಡ ಮನುಷ್ಯ ಬಂದ, ಒಳಗೆ ಒಂದೆರಡು ಹೆಜ್ಜೆ ಇಟ್ಟ, ನೋಡಿದ, ತಿರುಗಿ ಹೋದ. ಅಷ್ಟೇ. ಕಾನಿ ಒಬ್ಬರೇ ಫೋರ್‌ಮನ್ನೂ ಆಗ್ತಾರೆ, ಕೆಲಸಗಾರರೂ ಆಗ್ತಾರೆ, ಫೋರ್ಡೂ ಆಗ್ತಾರೆ. ಅವರು ಫೋರ್ಡಿನಲ್ಲಿ ಉಸಿರು ಕಟ್ಕೊಂಡು ದುಡಿದ ವರ್ಷಗಳೆಲ್ಲ ಇಲ್ಲಿ ಉಪಯೋಗಕ್ಕೆ ಬಂತು. ಇದಾದ ಮೇಲೆ ನಗು ನಿಧಾನಕ್ಕೆ ಕಮ್ಮಿಯಾಗತ್ತೆ, ಪಾಸ್ ಸರಿ ಇಲ್ಲದ ಸಿಜ್ವೆ ಅನ್ನೋ ಹಳ್ಳಿಯವನು ದಾರಿಯಲ್ಲಿ ಸತ್ತು ಬಿದ್ದಿದ್ದ ಒಬ್ಬನ ಪಾಸ್‌ಬುಕ್ಕಿಗೆ ತನ್ನ ಫೋಟೋ ಅಂಟಿಸ್ಕೊಂಡು ಬದುಕೋಕೆ ಒಪ್ಪಬೇಕಾಗತ್ತೆ, ಅಂದ್ರೆ ಕೆಲಸ ಸಿಗಬೇಕಾದ್ರೆ ಸ್ವಂತ ಹೆಸರು ಸಾಯಬೇಕು.

ಮುಂದಿನ ವರ್ಷ ದಿ ಐಲ್ಯಾಂಡ್. ರಾಜಕೀಯ ಕೈದಿಗಳನ್ನ ಇಡ್ತಿದ್ದ ರಾಬೆನ್ ದ್ವೀಪದ ಜೈಲಲ್ಲಿ ಇಬ್ಬರು ಕೈದಿಗಳು ಆಂಟಿಗನಿ ನಾಟಕದ ತಾಲೀಮು ಮಾಡೋ ಕಥೆ. ರಾಬೆನ್ ದ್ವೀಪದ ಹೆಸರೇ ಎತ್ತೋ ಹಾಗಿರಲಿಲ್ಲ, ಅದಕ್ಕೆ ಮೊದಲು ಬೇರೆ ಹೆಸರಲ್ಲಿ ಆಡಿದ್ರು. ಪಾತ್ರಗಳ ಹೆಸರು ಜಾನ್, ವಿನ್ಸ್ಟನ್, ಅವರದೇ ಹೆಸರು. ಶುರುವಿನಲ್ಲಿ ಮಾತೇ ಇಲ್ಲ, ಇವನು ಮರಳು ತೋಡಿ ಅವನ ಗುಂಡಿಗೆ ಹಾಕ್ತಾನೆ, ಅವನು ತೋಡಿ ಇವನ ಗುಂಡಿಗೆ ಹಾಕ್ತಾನೆ, ಸುಮ್ಮನೆ ನೋಡ್ತಾ ಕೂತವರಿಗೂ ಸುಸ್ತಾಗೋವರೆಗೂ. ಇದು ಬರೀ ಕಲ್ಪನೆ ಅಲ್ಲ, ಇವರ ತಂಡದವರೇ ಆ ಜೈಲಿಗೆ ಹೋಗಿ ಅಲ್ಲಿ ಆಂಟಿಗನಿ ಆಡಿದ್ರು, ಅಲ್ಲಿ ಬಂಧನದಲ್ಲಿದ್ದ ನೆಲ್ಸನ್ ಮಂಡೇಲಾ ಕೂಡ ಆ ನಾಟಕದಲ್ಲಿ ರಾಜ ಕ್ರಿಯಾನ್ ಪಾತ್ರ ಮಾಡಿದ್ದಾಗಿ ಆತ್ಮಕಥೆಯಲ್ಲಿ ಬರ್ಕೊಂಡಿದಾರೆ.

ಎರಡೂ ನಾಟಕ 1973ರ ಹೊತ್ತಿಗೆ ಲಂಡನ್, 1974ಕ್ಕೆ ನ್ಯೂಯಾರ್ಕಿನ ಬ್ರಾಡ್‌ವೇ. 1975ರಲ್ಲಿ ಅಮೆರಿಕದ ರಂಗಭೂಮಿಯ ದೊಡ್ಡ ಬಹುಮಾನ ಟೋನಿ ಪ್ರಶಸ್ತಿಯ ಉತ್ತಮ ನಟ, ಕಾನಿ ಮತ್ತು ನ್ಟ್ಶೋನಾ ಇಬ್ಬರಿಗೂ ಸೇರಿಸಿ. ನನಗೆ ಇದು ಬಹಳ ಸರಿ ಅನ್ಸತ್ತೆ, ಆ ಇಬ್ಬರನ್ನ ಬಿಡಿಸಿ ಒಬ್ಬರಿಗೆ ಕೊಟ್ಟಿದ್ರೆ ಅನ್ಯಾಯ ಆಗ್ತಿತ್ತು.

ಊರಿಗೆ ವಾಪಸ್ ಬಂದ ಮೇಲೆ ಕಣ್ಣಿನ ಕಥೆ. ನಿಮ್ಮಪ್ಪ ನಿಮ್ಮನ್ನ ನೋಡಬೇಕಂತೆ ಬನ್ನಿ ಅಂತ ಫೋನ್ ಬಂತು, ಹೋಗೋ ದಾರಿಯಲ್ಲಿ ಪೊಲೀಸರು ಸುತ್ತುವರಿದು ಹೊಡೆದು ಸತ್ತ ಅಂತ ಬಿಟ್ಟು ಹೋದ್ರು. ಎಡಗಣ್ಣು ಹೋಯ್ತು. ಈಗ ಇರೋದು ಗಾಜಿನ ಕಣ್ಣು. ಇದನ್ನ ತಿಳ್ಕೊಂಡು ಮತ್ತೆ ಅವರ ಯಾವ ಸಿನಿಮಾ ನೋಡಿದ್ರೂ ಕ್ಲೋಸಪ್ ಬೇರೆ ಥರ ಕಾಣತ್ತೆ. ತಲೆ ಸ್ವಲ್ಪ ತಿರುಗಿಸಿ, ಅವಸರ ಇಲ್ಲದೆ, ಎದುರಿನವರನ್ನ ಅಳೀತಾ ನೋಡೋ ಆ ನೋಟ ಇದೆಯಲ್ಲ, ನಾವದನ್ನ ರಾಜಗಾಂಭೀರ್ಯ ಅಂತೀವಿ. ಅದರಲ್ಲಿ ಅಭಿನಯ ಎಷ್ಟು, ಆ ರಾತ್ರಿಯ ಏಟು ಎಷ್ಟು ಅಂತ ಬಿಡಿಸೋಕಾಗಲ್ಲ. ಮರ್ಡರ್ ಮಿಸ್ಟರಿಯ ಕರ್ನಲ್ ಕಣ್ಣಿಗೆ ಪಟ್ಟಿ ಕಟ್ಕೊಂಡು ಆಡಮ್ ಸ್ಯಾಂಡ್ಲರ್ ಪಕ್ಕ ನಿಂತು ತಮಾಷೆ ಮಾಡಿದಾರೆ ಅಂದ್ರೆ ಎಂಥ ಗಟ್ಟಿ ಜೀವ ಇರಬೇಕು ಹೇಳಿ.

1976. ಜೂನ್ 16ಕ್ಕೆ ಜೊಹಾನ್ಸ್‌ಬರ್ಗ್ ಪಕ್ಕದ ಸೊವೆಟೋ ಟೌನ್‌ಶಿಪ್‌ನಲ್ಲಿ ಸ್ಕೂಲ್ ಮಕ್ಕಳ ಮೇಲೆ ಗುಂಡು. ಅದೇ ತಿಂಗಳು ಜೊಹಾನ್ಸ್‌ಬರ್ಗಿನಲ್ಲಿ ಮಾರ್ಕೆಟ್ ಥಿಯೇಟರ್ ಶುರುವಾಯ್ತು, ಬಾರ್ನಿ ಸೈಮನ್ ಮತ್ತು ಮ್ಯಾನಿ ಮ್ಯಾನಿಮ್ ಕಟ್ಟಿದ್ದು, ಎಲ್ಲ ಬಣ್ಣದ ಜನ ಒಟ್ಟಿಗೆ ಕೂತು ನಾಟಕ ನೋಡೋ ಜಾಗ. ಆ ಕಟ್ಟಡ ಮೊದಲು ಹಣ್ಣಿನ ಮಾರ್ಕೆಟ್ ಆಗಿತ್ತು, ಇಂಡಿಯನ್ ಫ್ರೂಟ್ ಮಾರ್ಕೆಟ್ ಅಂತಲೇ ಹೆಸರು. ಕಾನಿ ಆಮೇಲೆ ಇದೇ ಥಿಯೇಟರನ್ನ ನಡೆಸೋರಲ್ಲಿ ಒಬ್ಬರಾದ್ರು, 1989ರಲ್ಲಿ ಬಾರ್ನಿ ಸೈಮನ್ ಜೊತೆ ಅಲ್ಲೇ ಟೌನ್‌ಶಿಪ್ ಹುಡುಗರಿಗೆ ನಾಟಕ ಕಲಿಸೋ ಲ್ಯಾಬೊರೇಟರಿ ಶುರು ಮಾಡಿದ್ರು, ಈಗ ಅಲ್ಲಿನ ದೊಡ್ಡ ರಂಗಮಂದಿರಕ್ಕೆ ಇವರದೇ ಹೆಸರು. ಆದ್ರೆ 1976ಕ್ಕೆ ವಾಪಸ್ ಬರೋಣ, ಆ ವರ್ಷ ಅಕ್ಟೋಬರಲ್ಲಿ ಕಪ್ಪು ಜನಕ್ಕೆ ಅಂತ ತಾನೇ ಬೇರೆ ಮಾಡಿಟ್ಟಿದ್ದ ಟ್ರಾನ್ಸ್‌ಕೈ ಅನ್ನೋ ಪ್ರದೇಶಕ್ಕೆ ಸ್ವಾತಂತ್ರ್ಯ ಕೊಡ್ತೀವಿ ಅಂತ ಬಿಳಿ ಸರ್ಕಾರ ಒಂದು ನಾಟಕ ಮಾಡ್ತು. ಸಿಜ್ವೆ ಬಾನ್ಜಿಯಲ್ಲಿ ಈ ಥರದ ಸ್ವಾತಂತ್ರ್ಯವನ್ನ ಗೇಲಿ ಮಾಡೋ ಮಾತು ಇದೆ, ಇವರು ಅದನ್ನ ಹೋಗಿ ಟ್ರಾನ್ಸ್‌ಕೈನಲ್ಲೇ ಆಡಿದ್ರು! ನಾಟಕ ಮುಗೀತಿದ್ದ ಹಾಗೆ ಇಬ್ಬರನ್ನೂ ಒಳಗೆ ಹಾಕಿದ್ರು, ಒಂಟಿ ಸೆಲ್ಲು. ಲಂಡನ್, ನ್ಯೂಯಾರ್ಕಲ್ಲಿ ನಟರು ಬೀದಿಗಿಳಿದು ಗಲಾಟೆ ಮಾಡಿದ ಮೇಲೆ ಬಿಟ್ರು.

ಸಿನಿಮಾ ಬಂದಿದ್ದು ಇದೆಲ್ಲ ಆದ ಮೇಲೆ. 1978ರ ದಿ ವೈಲ್ಡ್ ಗೀಸ್, ರಿಚರ್ಡ್ ಬರ್ಟನ್, ರೋಜರ್ ಮೂರ್, ರಿಚರ್ಡ್ ಹ್ಯಾರಿಸ್ ಎಲ್ಲ ಇರೋ ಬಾಡಿಗೆ ಸೈನಿಕರ ಸಿನಿಮಾ. ಕಾನಿ ಸಾರ್ಜೆಂಟ್ ಜೆಸ್ಸಿ, ನ್ಟ್ಶೋನಾ ಬಿಡಿಸ್ಕೊಂಡು ಬರಬೇಕಾದ ಕಪ್ಪು ನಾಯಕ ಲಿಂಬಾನಿ. ನಿಜ ಹೇಳ್ಬೇಕಂದ್ರೆ ಸಿನಿಮಾ ಅಂಥ ಏನಲ್ಲ, ಢಂ ಢಂ ಅಂತ ಗುಂಡು. ಬ್ರಾಡ್‌ವೇ ಗೆದ್ದ ಇಬ್ಬರು ನಟರಿಗೆ ಸಿನಿಮಾದವರು ಕೊಟ್ಟಿದ್ದು ಇದು.

1980ರ ದಶಕ ಅವರಿಗೆ ತುಂಬ ಕೆಟ್ಟದ್ದೂ ಹೌದು, ತುಂಬ ದೊಡ್ಡದ್ದೂ ಹೌದು. 1985ರಲ್ಲಿ ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬರ್ಗನ ಮಿಸ್ ಜೂಲಿ. ಯಜಮಾನನ ಮಗಳು ಬಿಳಿ ನಟಿ ಸಾಂಡ್ರಾ ಪ್ರಿನ್ಸ್ಲೂ, ಆಳು ಕಾನಿ. ಇಬ್ಬರೂ ಸ್ಟೇಜ್ ಮೇಲೆ ಮುತ್ತು ಕೊಡ್ತಾರೆ. ಜನ ಎದ್ದು ಹೊರಗೆ ನಡೆದ್ರು, ಕೊಲೆ ಬೆದರಿಕೆ ಬಂತು. ಆ ದಶಕದಲ್ಲೇ ಅವರನ್ನ ಚಾಕುವಿನಲ್ಲಿ ಹನ್ನೊಂದು ಕಡೆ ಇರಿದ್ರು, ಬದುಕಿಕೊಂಡ್ರು. ಅದೇ 1985ರಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳ ಅಂತ್ಯಕ್ರಿಯೆಯಲ್ಲಿ ಪದ್ಯ ಓದೋಕೆ ಹೋಗಿದ್ದ ಅವರ ತಮ್ಮ ಖೋಲಿಲೆ ಪೊಲೀಸರ ಗುಂಡಿಗೆ ಸತ್ತರು. ತಮ್ಮ ಕವಿ.

1987ರಲ್ಲಿ ಮಾರ್ಕೆಟ್ ಥಿಯೇಟರಲ್ಲಿ ಒಥೆಲೋ, ಜೊಹಾನ್ಸ್‌ಬರ್ಗಲ್ಲೇ ಹುಟ್ಟಿದ ಜ್ಯಾನೆಟ್ ಸುಜ್ಮನ್ ನಿರ್ದೇಶನ. ಒಥೆಲೋ ಕಪ್ಪು ಮನುಷ್ಯ ಅಂತ ಶೇಕ್ಸ್‌ಪಿಯರ್ ಬರೆದು ಮುನ್ನೂರು ಚಿಲ್ಲರೆ ವರ್ಷ ಆಗಿದ್ರೂ ದಕ್ಷಿಣ ಆಫ್ರಿಕಾದ ವೃತ್ತಿ ರಂಗಭೂಮಿಯಲ್ಲಿ ಆ ಪಾತ್ರ ಕಪ್ಪು ನಟನಿಗೆ ಸಿಕ್ಕಿದ್ದು ಅದೇ ಮೊದಲು. ಟೀವಿಗೆ ಅಂತ ಅದರ ರೆಕಾರ್ಡಿಂಗ್ ಆಗಿದೆ. ಇಂಗ್ಲಿಷ್ ಅವರ ತಾಯ್ನುಡಿ ಅಲ್ಲ ಅನ್ನೋದು ಗೊತ್ತಾಗತ್ತೆ, ಮಾತಿನ ಏರಿಳಿತ ಬೇರೆ, ಕೆಲವು ವಿಮರ್ಶಕರಿಗೆ ಅದು ಕಿರಿಕಿರಿ ಆಗಿತ್ತು. ನನಗೆ ಅದೇ ಸರಿ ಅನ್ಸತ್ತೆ, ಒಥೆಲೋಗೂ ವೆನಿಸ್ಸಿನ ಭಾಷೆ ಕಲಿತ ಭಾಷೆ ತಾನೆ.

ಆಮೇಲಿನ ಸಿನಿಮಾಗಳನ್ನ ಬೇಗ ಬೇಗ ಹೇಳಿಬಿಡ್ತೀನಿ. 1992ರ ಸರಾಫಿನಾ, ಸೊವೆಟೋ ಮಕ್ಕಳ ಕಥೆ, ಕಾನಿ ಹೆಡ್‌ಮಾಸ್ಟರ್. 1996ರ ದಿ ಘೋಸ್ಟ್ ಅಂಡ್ ದಿ ಡಾರ್ಕ್‌ನೆಸ್ ಇದೆಯಲ್ಲ, 1898ರಲ್ಲಿ ಕೀನ್ಯಾದ ತ್ಸಾವೋದಲ್ಲಿ ರೈಲ್ವೆ ಸೇತುವೆ ಕಟ್ಟೋವಾಗ ಎರಡು ಸಿಂಹ ಕೂಲಿಗಳನ್ನ ತಿಂದ ನಿಜ ಘಟನೆ, ಆ ಕೂಲಿಗಳಲ್ಲಿ ಬಹಳ ಜನ ಇಲ್ಲಿಂದ ಹೋದ ಭಾರತೀಯರು. ಕಾನಿ ಸ್ಯಾಮ್ಯುಯೆಲ್, ಕಥೆ ಹೇಳೋ ದನಿಯೂ ಅವರದೇ. ಕೂಲಿಗಳ ಪರವಾಗಿ ಜಗಳಕ್ಕೆ ನಿಲ್ಲೋ ಅಬ್ದುಲ್ಲಾ ನಮ್ಮ ಓಂ ಪುರಿ, ಎಕೆ 47ರಲ್ಲಿ ಶಿವಣ್ಣನ ಅಪ್ಪ ಆಗಿದ್ರಲ್ಲ ಅವರೇ. ಮೈಕಲ್ ಡಗ್ಲಸ್, ವಾಲ್ ಕಿಲ್ಮರ್ ಬಂದೂಕು ಹಿಡ್ಕೊಂಡು ಓಡಾಡ್ತಿದ್ರೂ ನನಗೆ ನೆನಪಿರೋದು ಇವರಿಬ್ಬರೇ. 2011ರಲ್ಲಿ ರಾಲ್ಫ್ ಫಿಯೆನ್ಸ್ ಮಾಡಿದ ಕೊರಿಯೊಲೇನಸ್‌ನಲ್ಲಿ ಜನರಲ್ ಕೊಮಿನಿಯಸ್.

ಈ ನಡುವೆ ಬರೆಯೋಕೂ ಕೂತ್ರು, ನನ್ನ ಪ್ರಕಾರ ಅವರ ದೊಡ್ಡ ಕೆಲಸ ಅದು. 2002ರಲ್ಲಿ ಬರೆದು ಆಡಿದ ನಾಟಕ ನಥಿಂಗ್ ಬಟ್ ದಿ ಟ್ರೂತ್, 2008ರಲ್ಲಿ ತಾವೇ ನಿರ್ದೇಶನ ಮಾಡಿ ಸಿನಿಮಾ ಮಾಡಿದ್ರು, ಆಫ್ರಿಕಾದ ದೊಡ್ಡ ಚಿತ್ರೋತ್ಸವ ಫೆಸ್ಪಾಕೋದಲ್ಲಿ ಬಹುಮಾನ ಬಂತು. ನ್ಯೂ ಬ್ರೈಟನ್ನಿನ ಲೈಬ್ರರಿಯಲ್ಲಿ ಅಸಿಸ್ಟೆಂಟ್ ಆಗಿರೋ ಸಿಪೋ ಮಕಾಯಾ, ವಯಸ್ಸು 63, ಚೀಫ್ ಲೈಬ್ರರಿಯನ್ ಪ್ರಮೋಷನ್ನಿಗೆ ಕಾಯ್ತಾ ಇರೋ ಮನುಷ್ಯ. ಹೋರಾಟಗಾರ ಅಂತ ಹೆಸರು ಮಾಡಿದ್ದ ತಮ್ಮ ಲಂಡನ್ನಿನಲ್ಲಿ ಸತ್ತಿದಾನೆ, ಹೆಣ ಬರತ್ತೆ, ಶಾಸ್ತ್ರಪ್ರಕಾರ ಮಣ್ಣು ಮಾಡೋಣ ಅಂತ ಅಣ್ಣ ಎಲ್ಲ ಏರ್ಪಾಡು ಮಾಡ್ಕೊಂಡು ಕಾಯ್ತಿದ್ರೆ ತಮ್ಮನ ಮಗಳು ಬೂದಿ ತುಂಬಿದ ಚಿಕ್ಕ ಪಾತ್ರೆ ಹಿಡ್ಕೊಂಡು ಬರ್ತಾಳೆ. ಖೋಸಾ ಜನ ಸುಡೋರಲ್ಲ. ಅಲ್ಲಿಂದ ಕಟ್ಟಿಟ್ಟ ಕೋಪ ಎಲ್ಲ ಹೊರಗೆ ಬರತ್ತೆ. ಆ ಕಡೆ ದೇಶದಲ್ಲಿ ಆರ್ಚ್‌ಬಿಷಪ್ ಟುಟು ಅವರ ಸತ್ಯ ಮತ್ತು ಸಾಮರಸ್ಯ ಆಯೋಗ ನಡೀತಿದೆ, ಕೊಂದವರು ಬಂದು ಹೌದು ಕೊಂದೆ ಅಂದ್ರೆ ಕ್ಷಮಾದಾನ. ಈ ಕಡೆ ಸಿಪೋ, ಚಿಕ್ಕಂದಿನಲ್ಲಿ ತಮ್ಮ ಕಿತ್ಕೊಂಡ ತಂತಿಯ ಆಟದ ಬಸ್ಸಿನಿಂದ ಹಿಡಿದು ಹೆಂಡತಿವರೆಗೆ ಲೆಕ್ಕ ಒಪ್ಪಿಸ್ತಾನೆ. ಪೊಲೀಸರ ಗುಂಡಿಗೆ ಸತ್ತ ಮಗನ ಲೆಕ್ಕಾನೂ ಇದೆ, ಆ ಮಗ ಕವಿ, ಸತ್ತಿದ್ದು ಒಬ್ಬ ಚಿಕ್ಕ ಹುಡುಗಿಯ ಅಂತ್ಯಕ್ರಿಯೆಯಲ್ಲಿ. ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಾಯ್ತಲ್ಲ. ದೇಶಕ್ಕೆ ದೇಶವೇ ಕ್ಷಮಿಸೋಣ ಅಂತಿರೋವಾಗ ಆ ಸಿಟ್ಟನ್ನ ಇಷ್ಟು ಬಿಚ್ಚಿ ಹೇಳೋಕೆ ಧೈರ್ಯ ಬೇಕು, ಅದೂ ಮಂಡೇಲಾ, ಟುಟು ಇಬ್ಬರನ್ನೂ ಗೌರವಿಸೋ ಮನುಷ್ಯ.

ಈಗ ಮಾರ್ವೆಲ್. ಹಿಂದೆ ಕೂತಿರೋ ಹುಡುಗರು ಇದಕ್ಕೇ ಕಾಯ್ತಿದೀರಿ ಅಂತ ಗೊತ್ತು. 2016ರ ಕ್ಯಾಪ್ಟನ್ ಅಮೆರಿಕ ಸಿವಿಲ್ ವಾರ್, ವಿಯೆನ್ನಾದಲ್ಲಿ ವಿಶ್ವಸಂಸ್ಥೆ ಸಭೆ, ಅಪ್ಪ ಟಿಚಾಕಾ, ಮಗ ಟಿಚಾಲಾ ಚಾಡ್ವಿಕ್ ಬೋಸ್ಮನ್, ಇನ್ನೇನು ಬಾಂಬ್ ಸಿಡಿಯತ್ತೆ. ಸ್ಕ್ರಿಪ್ಟಲ್ಲಿ ಅಪ್ಪ ಮಗ ಇಂಗ್ಲಿಷಲ್ಲಿ ಮಾತಾಡ್ತಾರೆ. ಕಾನಿ ಕೇಳಿದ್ರಂತೆ, ಆಫ್ರಿಕಾದ ಅಪ್ಪ ಮಗ ಇಬ್ಬರೇ ನಿಂತಾಗ ಯಾಕಪ್ಪಾ ಇಂಗ್ಲಿಷಲ್ಲಿ ಮಾತಾಡಬೇಕು ಅಂತ. ತಮ್ಮ ಖೋಸಾದಲ್ಲಿ ಹೇಳಿ ತೋರಿಸಿದ್ರು, ನಿರ್ದೇಶಕರಿಗೆ ಹಿಡಿಸ್ತು, ಬೋಸ್ಮನ್ ಅಲ್ಲೇ ಕಲಿತ. ಎರಡು ವರ್ಷ ಆದ ಮೇಲೆ ಬ್ಲ್ಯಾಕ್ ಪ್ಯಾಂಥರ್ ಬಂದಾಗ ವಕಾಂಡ ಅನ್ನೋ ಇಲ್ಲದ ದೇಶಕ್ಕೆ ಖೋಸಾನೇ ಭಾಷೆ. ಸೆಟ್ಟಲ್ಲಿ ಒಬ್ಬ ಮುದುಕ ಹಾಕಿದ ಒಂದು ಪ್ರಶ್ನೆ! ಫೋರ್ಡ್ ಫ್ಯಾಕ್ಟರಿಯಲ್ಲಿ ಫೋರ್‌ಮನ್ನಿನ ಇಂಗ್ಲಿಷನ್ನ ತನಗೆ ಬೇಕಾದ ಹಾಗೆ ಖೋಸಾ ಮಾಡ್ತಿದ್ದ ಅದೇ ಸ್ಟೈಲ್ಸ್ ಇಲ್ಲೂ ಇದಾನೆ ಅಂತ ನನಗೆ ಖುಷಿ. ಸಿನಿಮಾ ಬಗ್ಗೆ ನನಗೆ ಅಷ್ಟೇನೂ ಇಲ್ಲ, ಕ್ಲೈಮ್ಯಾಕ್ಸ್ ಫೈಟು ವಿಡಿಯೋ ಗೇಮ್ ಥರ ಇದೆ, ಆದ್ರೆ ಅದರಲ್ಲಿ ಪ್ರಾಯದ ಟಿಚಾಕಾ ಆಗಿ ಬರೋದು ಕಾನಿಯವರ ಮಗ ಅಟಾಂಡ್ವಾ, ಆ ಒಂದು ಸೀನ್ ಗಮನಿಸಿ, ಅಪ್ಪನ ದನಿಯ ತೂಕ ಮಗನಿಗೆ ಬಂದಿದೆ.

ಇನ್ನೊಂದು ಹೇಳಿ ನಿಲ್ಲಿಸ್ತೀನಿ. 2009ರಲ್ಲಿ ಶೇಕ್ಸ್‌ಪಿಯರ್‌ನ ದಿ ಟೆಂಪೆಸ್ಟ್‌ನಲ್ಲಿ ಯಜಮಾನ ಪ್ರಾಸ್ಪೆರೋ ಆಗಿ ಕೇಪ್‌ಟೌನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋದ ಆಂಟನಿ ಶೇರ್, ಅವನ ಆಳು ಕ್ಯಾಲಿಬಾನ್ ಆಗಿ ಕಾನಿ. ಹತ್ತು ವರ್ಷ ಆದ ಮೇಲೆ ಅದೇ ಶೇರ್ ಜೊತೆ ಆಡೋಕೆ ಕಾನಿ ಬರೆದ ನಾಟಕ ಕುನೆನೆ ಅಂಡ್ ದಿ ಕಿಂಗ್, ಪ್ರಜಾಪ್ರಭುತ್ವ ಬಂದು 25 ವರ್ಷ ಆದ ಹೊತ್ತಿಗೆ, ಮೊದಲ ಪ್ರದರ್ಶನ ಶೇಕ್ಸ್‌ಪಿಯರ್ ಊರು ಸ್ಟ್ರಾಟ್‌ಫರ್ಡಲ್ಲೇ. ಲಿವರ್ ಕ್ಯಾನ್ಸರ್ ಇರೋ ಬಿಳಿ ನಟ, ಕಿಂಗ್ ಲಿಯರ್ ಮಾಡಬೇಕು ಅಂತ ಹಟ, ಅವನನ್ನ ನೋಡ್ಕೊಳ್ಳೋಕೆ ಬರೋ ಕಪ್ಪು ನರ್ಸ್ ಲುಂಗಾ ಕುನೆನೆ. ಕೆಲಸದವರ ಕೋಣೆಯಲ್ಲಿ ಮಲ್ಕೋ ಅಂತಾನೆ ಯಜಮಾನ, ಕುನೆನೆ ಒಪ್ಪಲ್ಲ. ಒಂದು ಕಡೆ ಕುನೆನೆ ಸ್ಕೂಲಲ್ಲಿ ಕಲಿತ ಜೂಲಿಯಸ್ ಸೀಸರ್ ಖೋಸಾದಲ್ಲಿ ಶುರು ಮಾಡ್ತಾನೆ, ಲಿಯರ್ ಪಾಠ ಉರುಹೊಡೀತಿದ್ದ ಬಿಳಿ ನಟ ಬಾಯಿ ಬಿಟ್ಕೊಂಡು ಕೇಳ್ತಾನೆ. ಶೇರ್ 2021ರಲ್ಲಿ ತೀರಿಹೋದ್ರು, ನ್ಟ್ಶೋನಾ 2018ರಲ್ಲಿ, ಫುಗಾರ್ಡ್ 2025ರಲ್ಲಿ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬರು ಸಾರ್ ಮೊದಲು ಯಾವುದು ನೋಡೋದು ಅಂದ್ರು. ನನ್ನ ಉತ್ತರ, ನಥಿಂಗ್ ಬಟ್ ದಿ ಟ್ರೂತ್ ಸಿಕ್ರೆ ಅದೇ ಮೊದಲು. ಸಿಗಲಿಲ್ಲ ಅಂದ್ರೆ ಒಥೆಲೋ ರೆಕಾರ್ಡಿಂಗ್. ಅದೂ ಇಲ್ಲ ಅಂದ್ರೆ ಸಿಜ್ವೆ ಬಾನ್ಜಿ ಪುಸ್ತಕ ತಂದು ಆ ಫೋರ್ಡ್ ಭಾಗವನ್ನ ಮನೇಲಿ ಜೋರಾಗಿ ಓದಿ, ಒಬ್ಬರೇ ಎಲ್ಲ ದನಿ ಮಾಡಿ ನೋಡಿ, ಫೋರ್‌ಮನ್ನಿನದು, ಕೆಲಸಗಾರರದು, ಎರಡರ ನಡುವೆ ಇರೋ ಸ್ಟೈಲ್ಸ್‌ದು. ವೈಲ್ಡ್ ಗೀಸ್ ನೋಡದಿದ್ರೂ ನಡೆಯತ್ತೆ.